ಕಿಟಕಿಯ ಕಟ್ಟೆಯ ಮೇಲಿನ ಬಾಟಲಿ

ಕೆಮ್ಮಿನ ಔಷಧಿ ಮುಗಿದು, ಬಿಸಿನೀರಿನಲ್ಲಿ ತೊಳೆಸಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಕುಳಿತಿರುವ ಈ ಖಾಲಿ ಬಾಟಲಿ ಬೆಳಗಿನಿಂದ ನನ್ನನ್ನೇ ನೋಡುತ್ತಿದೆ. ಅದರಲ್ಲಿ ನನ್ನ ಮೂತ್ರ ತುಂಬಿ ಕಳುಹಿಸಬೇಕೆಂದು ಡಾಕ್ಟರ ಅಪ್ಪಣೆ. ಊರಿನವರದೆಲ್ಲ ಪರೀಕ್ಷಿಸಿ ಸವೆದ ಮನುಷ್ಯನಿಗೆ, ಮಿತ್ರರೇ, ತನ್ನದನ್ನು ಕೊಡಲು ಎಷ್ಟೊಂದು ನಾಚಿಕೆ!

ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿದ್ದೆ. ಅರಿವಳಿಕೆಯ ಹೊಸ ಅನಿಲವೊಂದು ಮೂತ್ರಪಿಂಡಕ್ಕೆ ಕೇಡು ಮಾಡುವುದೇ ಎಂದು ಅಲ್ಲಿನ ತರುಣ ವೈದ್ಯರೊಬ್ಬರು ಸಂಶೋಧನೆ ನಡೆಸಿದ್ದರು. ಶಸ್ತ್ರಕ್ರಿಯೆಯ ಮೊದಲೂ ಆಮೇಲೂ ರೋಗಿಯ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಹಿಡಿದು, ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಎರಡು ಹನಿ ಆಮ್ಲ ಬಿಟ್ಟು ನೋಡುವುದು ನನ್ನ ಕೆಲಸ. ತಿಳಿಯಾಗಿ ಉಳಿದರೆ ಕ್ಷೇಮ. ಒಡೆದ ಹಾಲಿನಂತೆ ಬೆಳ್ಳಗಾದರೆ ಪ್ರೋಟೀನು ಸೋರುತ್ತಿದೆ ಎಂದರ್ಥ. ಕಾಯಿಸಿ ಕಾಯಿಸಿ ಬೇಸತ್ತು, ಬಾಟಲಿಗಳ ಹಿಂದೆ ಮನುಷ್ಯರಿದ್ದಾರೆಂಬುದೇ ನನಗೆ ಮರೆತುಹೋಗಿತ್ತು.

ಮುನವಳ್ಳಿಯ ಗಂಗವ್ವನಿಗೆ ಆ ಅನಿಲ ಕೊಟ್ಟು ಒಂದು ಶಸ್ತ್ರಕ್ರಿಯೆಯಾಗಿತ್ತು. ಕೆಲವು ದಿನಗಳ ಮೇಲೆ ಅದೇ ಅನಿಲ ಕೊಟ್ಟು ಇನ್ನೊಂದು ಆಗಬೇಕಿತ್ತು. ಸೊಸೆ ಕಲ್ಲವ್ವ ದಿನವೂ ತರುತ್ತಿದ್ದ ಬಾಟಲಿ ತಿಳಿಯೋ ತಿಳಿ. ಆದರೆ ಎರಡನೆಯ ಶಸ್ತ್ರಕ್ರಿಯೆಯ ಹಿಂದಿನ ದಿನ ವಾರ್ಡಿಗೆ ಹೋದಾಗ ಮುದುಕಿಯ ಮುಖ, ಕಾಲು ಊದಿಕೊಂಡದ್ದು ಕಂಡಿತು. ಸಂಶಯ ಬಂದು ಸೊಸೆಯನ್ನು ಹೊರಗೆ ಕರೆದು, ಬಾಟಲಿಯಲ್ಲಿದ್ದದ್ದು ಅತ್ತೆಯದೇ ಹೌದೇ ಎಂದು ಕೇಳಿದೆ.

"ಅತ್ತಿಯಾರಿಗೆ ಬಾಟ್ಲಿ ಹಿಡೀರಿ ಅಂತ ಹೆಂಗ ಅನ್ನೂದ್ರಿ ಅಣ್ಣಾರ? ನಾನ ತುಂಬಿ ಕೊಟ್ಟೇನ್ರಿ. ಒಂದ ಮನಿ ರೊಟ್ಟಿ ತಿಂತೇವಿ, ಒಂದ ಕೊಡದ ನೀರ ಕುಡೀತೇವಿ. ಬ್ಯಾರೆ ಏನ್ ಬರತೈತ್ರಿ?"

ಆಕೆಯನ್ನು ಹೇಗೆ ಬೈಯಲಿ? ಆಕೆ ಮಾಡಿದ್ದು ಅತ್ತೆಯ ಮರ್ಯಾದೆ. ಯಾರದೆಂದು ಒಂದು ಮಾತು ಕೇಳದೆ 'ಪ್ರೋಟೀನು ಇಲ್ಲ' ಎಂದು ಬರೆದವನು ನಾನು. ನರ್ಸಬಾಯಿಯಿಂದ ಗಂಗವ್ವನದನ್ನೇ ತರಿಸಿ ಕಾಯಿಸಿದೆ. ನಳಿಕೆ ಬೆಳ್ಳಗಾಯಿತು. ಅದನ್ನು ಹಿಡಿದುಕೊಂಡೇ ವೈದ್ಯರ ಬಳಿಗೆ ಓಡಿದೆ. ಇನ್ನೊಂದು ದಿನ ತಡವಾಗಿದ್ದರೆ!

ವೈದ್ಯರು ಶಸ್ತ್ರಕ್ರಿಯೆ ನಿಲ್ಲಿಸಿದರು. ಆಮೇಲೆ ತಮ್ಮ ಸಂಶೋಧನೆಯ ಪುಸ್ತಕವನ್ನು ಬಹಳ ಹೊತ್ತು ತಿರುವಿದರು. ಇಂಥ ಸೊಸೆಯಂದಿರು ಅದರಲ್ಲಿ ಇನ್ನೆಷ್ಟು ಮಂದಿಯೋ ಯಾರು ಬಲ್ಲರು? "ಮತ್ತ ಮೊದಲಿಂದ ಮಾಡಬೇಕ್ರಿ," ಎಂದಷ್ಟೇ ಹೇಳಿ ಅದನ್ನು ಮುಚ್ಚಿದರು. ಅವರ ಮುಖದ ಆ ದಣಿವು ನನ್ನ ಮನಸ್ಸಿನಿಂದ ಇಂದಿಗೂ ಮಾಸಿಲ್ಲ. ಊತ ಇಳಿದ ಮೇಲೆ, ಬೇರೆ ಅರಿವಳಿಕೆಯಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡ ಗಂಗವ್ವ, ಕಲ್ಲವ್ವನ ಕೈ ಹಿಡಿದು ಮುನವಳ್ಳಿಯ ಬಸ್ಸು ಹತ್ತಿದಳು.

ಈಗ ನನ್ನ ಸೊಸೆ ಬಾಗಿಲಿಗೆ ಮೂರು ಸಲ ಬಂದು, ಬಾಟಲಿ ನೋಡಿ, ಕೇಳಲಾರದೆ ಹಿಂದಿರುಗಿದ್ದಾಳೆ. ಮೊಣಕಾಲಿಗೆ ಕೈಯೂರಿ ಎದ್ದೆ. ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ, ಅದರ ಮೇಲೆ ನನ್ನ ಹೆಸರನ್ನು ನಾನೇ ಬರೆದು ಅವಳನ್ನು ಕೂಗಿದೆ.

"ತಗೋಳವಾ. ಇದು ನಂದ ಐತಿ."