ತುಳಸಿ ಕಡ್ಡಿಯ ಗಂಟು

ಇಳಕಲ್ಲಿನ ನಮ್ಮ ಮನೆಯಲ್ಲಿ ಕೊತ್ತಂಬರಿಯ ಎಲೆ ಅಡುಗೆಗೆ, ಕಡ್ಡಿ ಅತ್ತೆಯವರಿಗೆ. ಪುದಿನಾದ ಕಡ್ಡಿ, ಮೆಂತೆಯ ದಂಟು, ಯಾವುದನ್ನೂ ಚೆಲ್ಲುವ ಹಾಗಿರಲಿಲ್ಲ. ತೊಳೆದು, ಮೊರದಲ್ಲಿ ಹರವಿ, ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಬೇಕು. ಉರಿಮೂತ್ರಕ್ಕೆ ಕೊತ್ತಂಬರಿ ಕಡ್ಡಿ ಕುದಿಸಿದ ನೀರು, ಹೊಟ್ಟೆ ಉಬ್ಬರಕ್ಕೆ ಪುದಿನಾ ಕಡ್ಡಿಯ ಕಾಢೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಅವರ ಮುಂದೆ ನಡೆಯುತ್ತಿರಲಿಲ್ಲ. ಓಣಿಯ ಹೆಣ್ಣುಮಕ್ಕಳು ತಂಬಿಗೆ ಹಿಡಿದುಕೊಂಡು ಬಂದು ಒಯ್ಯುತ್ತಿದ್ದರು.

ನಾನು ಆಗ ಹುನಗುಂದದಲ್ಲಿ ಶಾಲೆ ಶಿಕ್ಷಕಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಸಂಜೆ ನಿಂತುಕೊಂಡೇ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕಡ್ಡಿಯ ಮೊರ ನನ್ನ ಮುಂದೆ ಬರುತ್ತಿತ್ತು. ಒಣಗಿದ್ದು ಬೇರೆ, ಹಸಿಯದು ಬೇರೆ ಆರಿಸಬೇಕು. ದಿನವೆಲ್ಲ ಸೀಮೆಸುಣ್ಣ ಹಿಡಿದ ಬೆರಳುಗಳಿಗೆ ಆ ಕೆಲಸ ಶಿಕ್ಷೆಯಾಗಿ ಕಾಣುತ್ತಿತ್ತು. ಕಡ್ಡಿಯನ್ನು ಗುಡ್ಡ ಮಾಡುವವರನ್ನು ಕೇಳಿದ್ದೆ, ಗುಡ್ಡದಷ್ಟು ಕಡ್ಡಿ ಕೂಡಿಸುವವರನ್ನು ಇಲ್ಲೇ ನೋಡಿದೆ ಎಂದು ಗಂಡನ ಮುಂದೆ ಗೊಣಗುತ್ತಿದ್ದೆ. ಅವರು ಕೇಳಿಸದವರಂತೆ ಪೇಪರು ಓದುತ್ತಿದ್ದರು.

ಒಂದು ಕಡ್ಡಿ ಮಾತ್ರ ಡಬ್ಬಿಗೆ ಹೋಗುತ್ತಿರಲಿಲ್ಲ. ಕಟ್ಟೆಯ ತುಳಸಿ ವಯಸ್ಸಾಗಿ ಒಣಗಿದಾಗ ಅತ್ತೆಯವರು ಮಡಿಯಲ್ಲಿ ಅದನ್ನು ಕಿತ್ತು, ಮಣ್ಣು ತೊಳೆದು, ಮುರಿದು, ಬಿಳಿ ಬಟ್ಟೆಯಲ್ಲಿ ಕಟ್ಟಿ ದೇವರ ಕೋಣೆಯ ಮಾಡದಲ್ಲಿ ಇಡುತ್ತಿದ್ದರು. ಯಾರ ಕೆಮ್ಮಿಗೂ ಆ ಗಂಟು ಬಿಚ್ಚುತ್ತಿರಲಿಲ್ಲ. ನಮ್ಮವರಲ್ಲಿ ಚಿತೆಯ ಮೇಲೆ ತುಳಸಿ ಕಟ್ಟಿಗೆ ಇಡುತ್ತಾರೆ. ಮಾವನವರು ಹಠಾತ್ತನೆ ತೀರಿಕೊಂಡ ದಿನ ಮನೆಯಲ್ಲಿ ಒಂದು ತುಂಡೂ ಇರಲಿಲ್ಲವಂತೆ. ನೆರೆಮನೆಯವರನ್ನು ಕೇಳಿ ನಾಲ್ಕು ಹಸಿ ಟೊಂಗೆ ತಂದಿದ್ದರಂತೆ. ಅಂದಿನಿಂದ ಅತ್ತೆಯವರು ತಮ್ಮ ಸಲುವಾಗಿ ಕೂಡಿಸತೊಡಗಿದ್ದರು. ಬದುಕಿರುವಾಗಲೇ ಸಾವಿನ ತಯಾರಿ ಏಕೆಂದು ನನಗೆ ಆ ಗಂಟು ಕಂಡರೆ ಸಿಟ್ಟು. ಅವರಿಗೋ ಅದು ಪ್ರಯಾಣಕ್ಕೆ ಕಟ್ಟಿಟ್ಟ ಬುತ್ತಿ.

ಎಂಬತ್ತರ ದಶಕದ ಆರಂಭದಲ್ಲಿ, ಒಂದು ವರ್ಷ ಬೇಸಿಗೆಗೆ ಮುಂಚೆ, ನನಗೆ ಕೆಮ್ಮು ಹಿಡಿಯಿತು. ಮೊದಮೊದಲು ಸೀಮೆಸುಣ್ಣದ ಧೂಳು ಅಂದುಕೊಂಡೆ. ಆಮೇಲೆ ದನಿಯೇ ಹೋಯಿತು. ಪಾಠ ಹೇಳಲಾಗದೆ ಹಲಗೆಯ ಮೇಲೆ ಬರೆದು ನಿಂತರೆ ಮಕ್ಕಳು ಗದ್ದಲ ಮಾಡುತ್ತಿದ್ದವು. ದವಾಖಾನೆಯ ಔಷಧ ನಡೆದೇ ಇತ್ತು. ಬಾಗಲಕೋಟೆಗೆ ಹೋಗಿ ಎದೆಯ ಫೋಟೋ ತೆಗೆಸಿದೆವು. ದೊಡ್ಡ ಕಾಯಿಲೆ ಏನಿಲ್ಲ ಎಂದರು. ಆದರೂ ಕೆಮ್ಮು ಬಿಡಲಿಲ್ಲ. ಇದ್ದ ರಜೆ ಮುಗಿಯುತ್ತಾ ಬಂತು. ದನಿ ಬಾರದಿದ್ದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಳಗೆ ಕೂತಿತು. ಅತ್ತು ಹಗುರಾಗೋಣವೆಂದರೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಆ ವರ್ಷ ನೀರಿನ ತಾಪತ್ರಯದಲ್ಲಿ ಓಣಿಯ ತುಳಸಿಗಳೆಲ್ಲ ಎಲೆ ಉದುರಿಸಿಕೊಂಡು ನಿಂತಿದ್ದವು. ಡಬ್ಬಿಯ ಕಡ್ಡಿಗಳನ್ನೆಲ್ಲ ಅತ್ತೆಯವರು ಕುದಿಸಿ ಕೊಟ್ಟು ನೋಡಿದರು. ಒಂದು ಸಂಜೆ ಒರಳಿನ ಸಪ್ಪಳ ಕೇಳಿ ಅಡುಗೆಮನೆಗೆ ಹೋದರೆ ಆ ಬಿಳಿ ಬಟ್ಟೆ ನೆಲದ ಮೇಲೆ ಬಿಚ್ಚಿಕೊಂಡಿತ್ತು. ಒಣಗಿದ ತುಳಸಿ ಕಡ್ಡಿಗಳನ್ನು ಅವರು ಜಜ್ಜುತ್ತಿದ್ದರು. ಶುಂಠಿ, ಮೆಣಸು, ಬೆಲ್ಲ ಪಕ್ಕದಲ್ಲಿದ್ದವು.

"ಅತ್ತ್ಯಾರ, ಅದು ನಿಮ್ಮದಲ್ಲೇನ್ರಿ, ಯಾಕ ಬಿಚ್ಚಿದ್ರಿ?" ಎಂದು ಪಿಸುದನಿಯಲ್ಲಿ ಕೇಳಿದೆ.

ಅವರು ಜಜ್ಜುವುದನ್ನು ನಿಲ್ಲಿಸಲಿಲ್ಲ. "ನಾ ಸತ್ತ ಮ್ಯಾಲ ನನಗೇನ ಗೊತ್ತಾಗ್ತದ? ನಿನ್ನ ಕೆಮ್ಮು ನನಗ ದಿನಾ ಕೇಳಸ್ತದ. ಕುಡಿ."

ದಿನಾ ಕುಡಿದೆ. ಕಹಿಯೂ ಅಲ್ಲ, ಖಾರವೂ ಅಲ್ಲ, ಹಳೆಯ ಪೆಟ್ಟಿಗೆಯ ವಾಸನೆ. ಶಾಲೆ ಬೇಸಿಗೆ ರಜೆಗೆ ಮುಚ್ಚುವ ಮೊದಲು ದನಿ ತಿರುಗಿ ಬಂತು. ಔಷಧದಿಂದಲೋ, ಕಾಢೆಯಿಂದಲೋ, ತಾನಾಗಿಯೇ ಬಂತೋ, ಈಗಲೂ ಹೇಳಲಾರೆ. ಗಂಟು ಮಾತ್ರ ಮುಗಿದಿತ್ತು. ಅತ್ತೆಯವರು ಬಟ್ಟೆಯನ್ನು ಒಗೆದು, ಮಡಚಿ, ಮಾಡದಲ್ಲಿ ಇಟ್ಟರು. ಮತ್ತೆ ಕೂಡಿಸುವ ಮಾತು ಎತ್ತಲಿಲ್ಲ. ಬಾಗಿ ಗಿಡ ಕೀಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

ಆಮೇಲೆ ತುಳಸಿ ನೆಡುವುದು, ಒಣಗಿದ್ದನ್ನು ಕೀಳುವುದು ನನ್ನ ಪಾಲಿಗೆ ಬಂತು. ಬಸ್ಸು, ಶಾಲೆ, ಅಡುಗೆಯ ನಡುವೆ ಇದೊಂದು ಹೊಸ ದಗದ. ಬೇಸರಪಟ್ಟುಕೊಂಡೇ ಮಾಡಿದೆ. ಕಡ್ಡಿಗಳನ್ನು ತೊಳೆದು, ಒಣಗಿಸಿ, ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡುತ್ತಾ ಹೋದೆ. ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಯಾರೋ ಕೆಮ್ಮಿದರೆಂದು ಅದನ್ನೂ ತೆಗೆದು ಜಜ್ಜುತ್ತಿದ್ದರು. ನಮ್ಮ ಮಕ್ಕಳಿಗೆ ನೆಗಡಿಯಾದಾಗ ಹಸಿ ಎಲೆ ಕುದಿಸಿದೆ, ಟ್ರಂಕು ತೆರೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಮುಂಜಾನೆ ಅತ್ತೆಯವರು ಏಳಲಿಲ್ಲ. ಮಂದಿ ಸೇರಿದರು. ನನ್ನ ಗಂಡ ದೇವರ ಕೋಣೆಗೆ ಹೋಗಿ, ಖಾಲಿ ಬಟ್ಟೆಯೊಂದನ್ನೇ ಹಿಡಿದುಕೊಂಡು ಹೊರಗೆ ಬಂದರು. ತಂದೆಗೂ ಹೀಗೇ ಆಗಿತ್ತು ಎಂದು ಅಳುತ್ತಾ ಚಪ್ಪಲಿ ಮೆಟ್ಟಿ ನೆರೆಮನೆಯತ್ತ ಹೊರಟರು. ನಾನು ಅವರ ಕೈಯಿಂದ ಆ ಬಟ್ಟೆ ತೆಗೆದುಕೊಂಡು ಒಳಗೆ ಹೋದೆ. ಸೀರೆಗಳನ್ನು ಸರಿಸಿ, ಇದ್ದಷ್ಟು ಕಡ್ಡಿಗಳನ್ನೂ ಅದರಲ್ಲಿ ಕಟ್ಟಿ ತಂದು ಅವರ ಕೈಗೆ ಕೊಟ್ಟೆ.

"ಮಂದಿ ಮನಿದು ಬ್ಯಾಡ್ರಿ," ಎಂದೆ. "ಅತ್ತ್ಯಾರದೇ ಅದ."