ಹಾರ್ಮಿನಾ ತಂದ ಕ್ಯಾಲೆಂಡರ್

ನನ್ನ ಅತ್ತಿಗೆ ಹಾರ್ಮಿನಾಳ ಕೈಗಳ ಬಗ್ಗೆ ಮೊದಲು ಹೇಳಬೇಕು. ಟಾಸ್ಮೇನಿಯಾದಲ್ಲಿರುವ ನಮ್ಮ ಕಿಂಗ್‌ಸ್ಟನ್ ಊರಿನ ಬೇಕರಿಯಲ್ಲಿ ಇಪ್ಪತ್ತಾರು ವರ್ಷ ಹುಟ್ಟುಹಬ್ಬದ ಕೇಕುಗಳ ಮೇಲೆ ಹೆಸರು ಬರೆದ ಕೈಗಳು ಅವು. ಕ್ರೀಮಿನ ಚೀಲ ಹಿಂಡುತ್ತಾ, ಗಿರಾಕಿಗಳ ಜೊತೆ ಹರಟೆ ಹೊಡೆಯುತ್ತಲೇ, ಎಷ್ಟುದ್ದದ ಹೆಸರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿದ್ದಳು. ನಾನು ಬರೆದಿದ್ದರೆ ಕೊನೆಯ ಎರಡಕ್ಷರ ಕೇಕಿನಿಂದ ಕೆಳಗಿಳಿದು ಹೋಗುತ್ತಿದ್ದವು. ಊರಿನ ಅರ್ಧ ಮಕ್ಕಳ ಹುಟ್ಟಿದ ದಿನ ಅವಳಿಗೆ ಬಾಯಿಪಾಠ. ತನ್ನ ಅಪ್ಪನದನ್ನು ಮಾತ್ರ ಯಾರ ಮುಂದೆಯೂ ಎತ್ತುತ್ತಿರಲಿಲ್ಲ.

ಅಪ್ಪ ಹಿಂಡ್ರಿಕ್ ಬಡಗಿ. ನನ್ನ ಹೆತ್ತವರ ಹಾಗೆ ಅವನೂ ಐವತ್ತರ ದಶಕದಲ್ಲಿ ಹಾಲೆಂಡಿನ ಉತ್ತರದಿಂದ ಹಡಗು ಹತ್ತಿ ಬಂದವನು. ಕೊನೆಕೊನೆಗೆ ಓಲಾಡುತ್ತಾ ನಡೆಯುತ್ತಿದ್ದ, ಮಾತು ತೊದಲುತ್ತಿತ್ತು, ಕಾರಣವಿಲ್ಲದೆ ಮಗಳ ಮೇಲೆ ಎಗರಾಡುತ್ತಿದ್ದ. ನಲವತ್ತೊಂಬತ್ತನೆಯ ವಯಸ್ಸಿಗೆ ದೋಣಿಕಟ್ಟೆಯಿಂದ ನೀರಿಗೆ ಬಿದ್ದು ಸತ್ತ. ಕುಡುಕ ಎಂದು ಊರು ತೀರ್ಮಾನಿಸಿತು. ಹಾರ್ಮಿನಾಗೆ ಆಗ ಹದಿನೆಂಟು. ಆ ಸಮಾಧಿಗೆ ಅವಳು ಮೂವತ್ತು ವರ್ಷದಲ್ಲಿ ಒಂದು ಹೂವನ್ನೂ ಇಟ್ಟಿರಲಿಲ್ಲ.

ಹಾರ್ಮಿನಾಗೆ ನಲವತ್ತೆಂಟಾದ ವರ್ಷ ಅವಳ ಒಬ್ಬಳೇ ಮಗಳು ಲೀಸೆಟ್ ಬಸುರಿಯಾದಳು. ಬಸುರಿಯ ಬಯಕೆ ನೋಡಿ: "ಅಮ್ಮಾ, ನಂಗೆ ಹಾಲೆಂಡಿಂದ ಒಂದು ಕಕ್ಕಸಿನ ಕ್ಯಾಲೆಂಡರ್ ತಂದ್ಕೊಡು. ನಮ್ಮೋರೆಲ್ಲರ ಹೆಸರು ನಿನ್ನ ಕೈಬರಹದಲ್ಲೇ ಇರ್ಬೇಕು. ಹುಟ್ಟೋ ಮಗೂಗೆ ತನ್ನೋರು ಯಾರು ಅಂತ ಗೊತ್ತಾಗ್ಲಿ."

ನಮ್ಮವರ ಮನೆಗಳಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರ್ ತೂಗುವುದು ಕಕ್ಕಸಿನ ಗೋಡೆಗೇ. ವಾರವಿಲ್ಲ, ಇಸವಿಯಿಲ್ಲ; ತಾರೀಖು, ಅದರ ಮುಂದೆ ಹೆಸರು ಮತ್ತು ಹುಟ್ಟಿದ ವರ್ಷ. ಕೂತಾಗಲೆಲ್ಲ ಕಣ್ಣೆದುರೇ ಇರುವುದರಿಂದ ಮರೆತೆ ಎಂದು ಯಾರೂ ನೆಪ ಹೇಳುವ ಹಾಗಿಲ್ಲ. ಸತ್ತವರ ಹೆಸರನ್ನು ಅಳಿಸುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಶಿಲುಬೆ, ಸತ್ತ ವರ್ಷ. ಬಾಯಿಬಿಟ್ಟು ಹೇಳಲಾರದ ಎಷ್ಟೋ ಸಂಗತಿಗಳನ್ನು ನಮ್ಮ ಜನ ಅಲ್ಲಿ ಬರೆದಿಟ್ಟು ಮರೆತುಬಿಡುತ್ತಾರೆ.

ಹೀಗೆ ಅತ್ತಿಗೆ ನಾದಿನಿ ಇಬ್ಬರೂ ಆರು ವಾರಕ್ಕೆಂದು ಹೊರಟೆವು. ಹೋಟೆಲಿನ ಮಾತೇ ಇಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ. ಮೊದಲು ಲಂಡನ್ನಿನಲ್ಲಿ ಬೇಕರಿಯ ಹಳೆಯ ಗೆಳತಿ ಡೋರೀನಳ ಮನೆ. ನಾಲ್ಕು ದಿನ ನಕ್ಕಿದ್ದೇ ನಕ್ಕಿದ್ದು. ಹಾರ್ಮಿನಾ ಒಂದು ಬಟ್ಟಲನ್ನು ಕೈಜಾರಿ ಒಡೆದಳು. ಅದಕ್ಕೂ ನಕ್ಕು, ಚೂರುಗಳನ್ನು ಗುಡಿಸಿ ಹಾಕಿದೆವು.

ಆಮೇಲೆ ಆಂಟ್‌ವರ್ಪ್. ಅಲ್ಲಿ ಹಾರ್ಮಿನಾಳ ದೊಡ್ಡಪ್ಪನ ಮಗ ರೋಲ್ಫನ ಹೆಂಡತಿ ಮಾರ್ಲೇನ್ ಒಬ್ಬಳೇ ಇದ್ದಳು. ರೋಲ್ಫ್ ತೀರಿಕೊಂಡು ಆರು ವರ್ಷ. ಮಾರ್ಲೇನ್ ಹಾರ್ಮಿನಾಳ ಬಟ್ಟಲಿಗೆ ಅಂಚಿನವರೆಗೂ ಕಾಫಿ ಸುರಿದಳು, ನನಗೆ ಮುಕ್ಕಾಲು ಬಟ್ಟಲು.

"ಇಷ್ಟು ತುಂಬಿಸಿದ್ರೆ ಚೆಲ್ಲಲ್ವೇನೇ?" ಎಂದೆ.

ಅವಳು ಹಾರ್ಮಿನಾಳ ಬೆರಳುಗಳನ್ನೇ ನೋಡುತ್ತಿದ್ದಳು. ಬಟ್ಟಲು ತುಟಿಗೆ ಮುಟ್ಟಿದ ಮೇಲೆ ಉಸಿರು ಬಿಟ್ಟು, "ಚೆಲ್ಲಲಿಲ್ವಲ್ಲ, ಒಳ್ಳೇದಾಯ್ತು," ಎಂದಳು. ಆ ಮಾತು ನನಗೆ ಹಿಡಿಸಲಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿದ್ದ ಹೆಸರುಗಳನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು ಕಕ್ಕಸಿನಿಂದ ಹೊರಬಂದ ಹಾರ್ಮಿನಾ, "ರೋಲ್ಫ್ ಐವತ್ತೊಂದಕ್ಕೇ ಹೋದ್ನಾ? ಏನಾಗಿತ್ತು ಅವ್ನಿಗೆ?" ಎಂದು ಕೇಳಿದಳು.

"ನರದ್ದೇನೋ," ಎಂದು ಮಾರ್ಲೇನ್ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಒತ್ತಿದಳು. ಮಾತೂ ಅಲ್ಲಿಗೇ ಮುಚ್ಚಿತು.

ಜರ್ಮನಿಯ ಎಮ್ಡನ್ನಿನಲ್ಲಿ ರೋಲ್ಫನ ಅಕ್ಕ ಹಿಲ್ಕೆಯ ಮನೆ. ಗಟ್ಟಿಮುಟ್ಟಾದ ಅರವತ್ತರ ಹೆಂಗಸು. ಎರಡನೆಯ ದಿನ ಅವಳು ಹಾರ್ಮಿನಾಳ ಮುಂದೆ ಸೂಜಿ ಹಿಡಿದು, "ದಾರ ಪೋಣಿಸ್ಕೊಡು ಮಾರಾಯ್ತಿ, ನಂಗೆ ಕಣ್ಣು ಕಾಣಲ್ಲ," ಎಂದಳು. ಅದೇ ಬೆಳಿಗ್ಗೆ ಪತ್ರಿಕೆಯ ಸಣ್ಣಕ್ಷರವನ್ನು ಕನ್ನಡಕವಿಲ್ಲದೆ ಓದಿದವಳು! ಹಾರ್ಮಿನಾ ಮೂರನೆಯ ಸಲಕ್ಕೆ ಪೋಣಿಸಿದಳು. ಹಿಲ್ಕೆಯ ಮುಖ ಬಿಳಿಚಿತು.

ನನಗೆ ಸಿಟ್ಟು ನೆತ್ತಿಗೇರಿತು. "ಇದೇನು ನೆಂಟರ ಮನೇನಾ, ಪೊಲೀಸ್ ಠಾಣೇನಾ? ಎಲ್ಲೋದ್ರೂ ಪರೀಕ್ಷೇನೇ!"

ಹಿಲ್ಕೆ ಏನನ್ನೂ ಹೊಲಿಯದೆ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟಳು. ಅವಳ ಕೊನೆಯ ತಮ್ಮ ವಿಮ್ ಅದೇ ಊರಿನ ಆರೈಕೆಮನೆಯಲ್ಲಿದ್ದ. ನೋಡಿ ಬರೋಣ ಎಂದು ಹಾರ್ಮಿನಾ ಎಷ್ಟು ಕೇಳಿದರೂ, "ಬೇಡ. ನೀನು ನೋಡ್ಬೇಡ," ಎಂದಳೇ ಹೊರತು ಏಕೆಂದು ಹೇಳಲಿಲ್ಲ.

ಅಲ್ಲಿಂದ ಹೊರಟ ರೈಲಿನಲ್ಲಿ ಹಾರ್ಮಿನಾ ಪುಸ್ತಕ ತೆರೆದು ಕೂತಿದ್ದಳು. "ಅಪ್ಪ ನಲವತ್ತೊಂಬತ್ತು. ದೊಡ್ಡಪ್ಪ ಐವತ್ತಮೂರು. ಸಣ್ಣ ಅತ್ತೆ ಐವತ್ತು. ರೋಲ್ಫ್ ಐವತ್ತೊಂದು. ಫೆನ್ನಾ, ನಂಗೀಗ ಎಷ್ಟು?"

ನನಗೂ ಅವಳಿಗೂ ಗೊತ್ತಿದ್ದ ಲೆಕ್ಕ. ನಾನು ಕಿಟಕಿಯ ಕಡೆ ತಿರುಗಿದೆ. ನನಗೆ ಭಯವಾಗಿತ್ತು.

ಕೊನೆಯ ಮನೆ ಹಿಂಡ್ರಿಕನ ದೊಡ್ಡಕ್ಕ ಗೆಸೀನಾ ಅತ್ತೆಯದು, ಅವರೆಲ್ಲ ಹುಟ್ಟಿ ಬೆಳೆದ ಹಳ್ಳಿಯಲ್ಲಿ. ಎಂಬತ್ತಮೂರಾದರೂ ಅತ್ತೆಯ ಬೆನ್ನು ಬಾಗಿರಲಿಲ್ಲ. ಬಟಾಣಿ ಸೂಪು ಬಡಿಸಿ, ಹಾರ್ಮಿನಾಳ ಕೆನ್ನೆ ಸವರಿ, "ಥೇಟ್ ಹಿಂಡ್ರಿಕ್," ಎಂದಳು. ಊಟವಾದ ಮೇಲೆ ಹಾರ್ಮಿನಾ ಕಕ್ಕಸಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮೊಳೆಯಿಂದ ಕಿತ್ತ ಕ್ಯಾಲೆಂಡರ್ ಕೈಯಲ್ಲಿತ್ತು.

"ಅತ್ತೆ, ನನ್ನ ಹೆಸರಿನ ಮುಂದೆ ಇದೇನು?"

ಆಗಸ್ಟ್ ಒಂಬತ್ತು, ಹಾರ್ಮಿನಾ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಪ್ರಶ್ನೆ ಚಿಹ್ನೆ.

ಅತ್ತೆ ಕೈ ಒರೆಸಿಕೊಂಡು ಕೂತಳು. "ಕೂತ್ಕೋ ಮಗಾ. ಇದು ನಮ್ಮ ರಕ್ತದಲ್ಲೇ ಇರೋ ಕಾಯಿಲೆ. ಮೊದ್ಲು ಕೈ ಹಿಡಿತ ತಪ್ಪುತ್ತೆ, ಆಮೇಲೆ ಕಾಲು, ನಾಲಿಗೆ, ಬುದ್ಧಿ. ಔಷಧಿ ಇಲ್ಲ. ಹೆತ್ತೋರಿಗಿದ್ರೆ ಮಕ್ಕಳಿಗೆ ಬರೋದು ಬರ್ದೇ ಇರೋದು ಅರ್ಧಕ್ಕರ್ಧ. ನಾವು ನಾಲ್ಕು ಜನ ಹುಟ್ಟಿದ್ವಿ, ಉಳ್ದೋಳು ನಾನೊಬ್ಳು. ನಿಮ್ಮಪ್ಪ ನಮ್ಮಪ್ಪನ್ನ ನೋಡಿ ಹೆದ್ರಿ ಹಡಗು ಹತ್ತಿದ. ಯಾರೂ ನಂಗೆ ಬರೀಬೇಡಿ, ನನ್ನ ಮಕ್ಳಿಗೆ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡ. ಈಗೇನೋ ರಕ್ತಪರೀಕ್ಷೆ ಇದೆಯಂತೆ."

"ಹಾಗಾದ್ರೆ ಅಪ್ಪ ಕುಡೀತಿರ್ಲಿಲ್ವಾ?"

"ಹಿಂಡ್ರಿಕ್ಕಾ? ಬಿಯರ್ ವಾಸನೆಗೇ ಓಡೋನು ಅವ್ನು."

ಹಾರ್ಮಿನಾ ಅತ್ತದ್ದನ್ನು ನಾನು ಅಂದೇ ಮೊದಲು ನೋಡಿದ್ದು. "ಅವನ ಬಾಯಲ್ಲಿ ಒಂದು ದಿನಾನೂ ವಾಸನೆ ಬಂದಿರ್ಲಿಲ್ಲ ಫೆನ್ನಾ. ನಂಗೆ ಗೊತ್ತಿತ್ತು. ಆದ್ರೂ ಊರು ಹೇಳ್ತು ಅಂತ ನಂಬ್ಬಿಟ್ಟೆ." ನನ್ನ ಅಪ್ಪನೂ ಹಾಗೆ ಹೇಳಿದವರಲ್ಲಿ ಒಬ್ಬ. ನನಗೆ ತಲೆ ಎತ್ತಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಲೀಸೆಟ್‌ಗೆಂದು ಕೊಂಡಿದ್ದ ಹೊಸ ಕ್ಯಾಲೆಂಡರನ್ನು ಅತ್ತೆಯ ಮೇಜಿನ ಮೇಲೆ ಹರಡಿಕೊಂಡು ಕೂತಳು. ಹೆಸರು, ವರ್ಷ, ಶಿಲುಬೆ, ವರ್ಷ. ನೋಡಿ ನನಗೆ ತಡೆಯಲಾಗಲಿಲ್ಲ.

"ಬಸುರಿ ಹುಡುಗಿ ಕಣೇ ಅವ್ಳು. ಶಿಲುಬೆ ಗಿಲುಬೆ ಎಲ್ಲ ಯಾಕೆ? ಮೊದ್ಲು ಹೆರಿಗೆ ಆಗ್ಲಿ, ಆಮೇಲೆ ಹೇಳಿದ್ರಾಯ್ತು."

"ನನ್ನಪ್ಪನೂ ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡಿದ್ದ," ಎಂದಳು, ತಲೆ ಎತ್ತದೆ. ಡಿಸೆಂಬರಿನ ಹಾಳೆಗೆ ಬರುವ ಹೊತ್ತಿಗೆ ಅವಳ ಸಾಲುಗಳು ಕೆಳಗಿಳಿದಿದ್ದವು. ಆ ಕೈ ಸಾಲು ತಪ್ಪಿದ್ದನ್ನು ಇಪ್ಪತ್ತಾರು ವರ್ಷದಲ್ಲಿ ನಾನು ಕಂಡಿರಲಿಲ್ಲ. ದಣಿವು ಎಂದುಕೊಂಡೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಊರಿಗೆ ಬಂದು ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಮೊದಲೇ ಸ್ಮಶಾನಕ್ಕೆ ಹೋದೆವು. ಅವಳು ಹೂವಿಟ್ಟಳು, ನಾನೂ ಇಟ್ಟೆ. ಭಾನುವಾರ ಲೀಸೆಟ್ ಮನೆಗೆ ಹೋದಾಗ, ಅವಳು ಕ್ಯಾಲೆಂಡರ್ ಎದೆಗೊತ್ತಿಕೊಂಡು, ಆರು ತಿಂಗಳ ಹೊಟ್ಟೆ ಹೊತ್ತು ಕಕ್ಕಸಿಗೆ ನಡೆದಳು. "ಈಗ್ಲೇ ನೇತುಹಾಕ್ಬಿಡ್ತೀನಿ!" ನಾನು ಎಲ್ಲರಿಗೂ ಕಾಫಿ ಸುರಿದೆ.

ಒಳಗಿನಿಂದ ಅವಳ ನಗು ಕೇಳುತ್ತಿತ್ತು. "ವಿಮ್ ಅಂದ್ರೆ ಯಾರಮ್ಮಾ? ಅಬ್ಬಾ, ಎಷ್ಟೊಂದು ಶಿಲುಬೆ! ನಮ್ಮೋರು ಮುದುಕರೇ ಆಗ್ಲಿಲ್ವಾ?" ಒಂದೊಂದೇ ಹಾಳೆ ಮಗುಚುವ ಸದ್ದು. ಆಗಸ್ಟಿನಲ್ಲಿ ಸ್ವಲ್ಪ ತಡೆಯಿತು. ನವೆಂಬರಿನಲ್ಲಿ ನಿಂತೇಹೋಯಿತು.

"ಅಮ್ಮಾ, ನನ್ನ ಹೆಸರಿನ ಮುಂದೆ ಇದೇನು?"

"ಬಂದೆ ಮಗಾ," ಎಂದು ಹಾರ್ಮಿನಾ ಬಟ್ಟಲನ್ನು ತಟ್ಟೆಯಲ್ಲಿಟ್ಟು ಎದ್ದುಹೋದಳು. ನಾನು ಅವಳಿಗೆ ಅರ್ಧ ಬಟ್ಟಲು ಮಾತ್ರ ಸುರಿದಿದ್ದೆ. ಆದರೂ ತಟ್ಟೆಯಲ್ಲಿ ಕಾಫಿ ನಿಂತಿತ್ತು.