ಊದಿಸಿಕೊಂಡು ಬಂದ ಟಿವಿ ಗೇಮು

ಊದುವ ಚಟ ನನ್ನನ್ನು ಇನ್ನೂ ಬಿಟ್ಟಿಲ್ಲ. ಮೊಬೈಲ್ ಚಾರ್ಜರ್ ಇರಲಿ, ರಿಮೋಟಿನ ಸೆಲ್ ಇರಲಿ, ಗ್ಯಾಸ್ ಲೈಟರ್ ಇರಲಿ, ಮೊದಲು ಬಾಯಿಯ ಹತ್ತಿರ ಹಿಡಿದು ಒಮ್ಮೆ ‘ಉಫ್’ ಅನ್ನದೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. ಮೊನ್ನೆ ಭಾನುವಾರ ಸಿರುಗುಪ್ಪದ ನಮ್ಮ ಮನೆಗೆ ಕೊರಿಯರ್‌ನಲ್ಲಿ ಒಂದು ಡಬ್ಬಿ ಬಂತು. ನಮ್ಮ ಮನೆಯವರು ಮಗಳಿಗೆಂದು ತರಿಸಿದ್ದು. ಅಂಗೈಯಷ್ಟಗಲದ ಕರಿ ಪೆಟ್ಟಿಗೆ, ಜೊತೆಗೆ ಎರಡು ರಿಮೋಟು. ಟಿವಿಗೆ ಸಿಕ್ಕಿಸಿದರೆ ಸಾಕು, ಹಳೆಯ ಕಾಲದ ವಿಡಿಯೋ ಗೇಮುಗಳೆಲ್ಲ ಅದರ ಹೊಟ್ಟೆಯಲ್ಲೇ ಇವೆಯಂತೆ. ಬಿಚ್ಚಿದ ಕೂಡಲೇ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಂತು. ನಾನು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ, ಕ್ಯಾಸೆಟ್ ಹಾಕುವ ಬಾಯಿ ಎಲ್ಲಿದೆ ಎಂದು ಹುಡುಕಿ, ಸಿಗದೆ, ಅಂದಾಜಿನ ಮೇಲೆ ಒಂದು ಕಡೆ ಊದಿಯೇಬಿಟ್ಟೆ.

“ಮಮ್ಮಿ, ಅದೇನ್ ಬಿಸಿ ಹಾಲಾ?” ಎಂದಳು ಆರು ವರ್ಷದ ಮಗಳು. ಮಂಚದ ಮೇಲೆ ಪೇಪರು ಓದುತ್ತಿದ್ದ ನನ್ನ ಅಪ್ಪ ಪೇಪರಿನ ಹಿಂದೆಯೇ ನಕ್ಕಿದ್ದು ಕೇಳಿಸಿತು.

ಆ ನಗೆಯ ಹಿಂದೆ ನನ್ನ ಮಾನ ಕಳೆಯುವಂಥ ಒಂದು ಕಥೆ ಇದೆ. ಬೇರೆಯವರ ಬಾಯಿಂದ ನೀವು ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ.

ಆಗ ನಾವು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದೆವು. ಗಣಿಯ ಭರಾಟೆಯ ವರ್ಷಗಳು. ಅಪ್ಪ ಅದಿರಿನ ಲಾರಿ ಓಡಿಸುತ್ತಿದ್ದ. ಹೊರಡುವಾಗ ಕರ್ರಗಿದ್ದ ಅಪ್ಪ ಮನೆಗೆ ಬರುವಾಗ ಕೆಂಪಗಿರುತ್ತಿದ್ದ. ಅವನು ಮುಖ ತೊಳೆಯುವವರೆಗೂ ನಾನು ಹತ್ತಿರ ಹೋಗುತ್ತಿರಲಿಲ್ಲ. ಅವನ ಅಂಗಿಯಿಂದ ಇಳಿದ ಧೂಳು ನಮ್ಮ ಮನೆಯಲ್ಲೇ ಸಂಸಾರ ಹೂಡಿತ್ತು. ರೊಟ್ಟಿ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ, ನನ್ನ ಸಾಲಿ ಚೀಲದ ಹೊಲಿಗೆಯಲ್ಲಿ, ದೇವರ ಫೋಟೋದ ಗಾಜಿನ ಒಳಗೂ ಕೂತಿತ್ತು. ಗಾಜಿನ ಒಳಗೆ ಹೇಗೆ ಹೋಯಿತೆಂದು ಅವ್ವ ಬಹಳ ದಿನ ತಲೆ ಕೆಡಿಸಿಕೊಂಡಳು. ಊರಿನಲ್ಲಿ ಯಾರ ಯಾರ ಮನೆಗೋ ಏನೇನೋ ಬಂದ ಕಾಲವದು. ಕಾರು ಬಂತು, ಕಾರು ನಿಲ್ಲಿಸಲು ಇನ್ನೊಂದು ಮನೆ ಬಂತು. ನಮ್ಮ ಮನೆಗೆ ಬಂದದ್ದು ಒಂದು ಟಿವಿ ಗೇಮು.

ಅಪ್ಪ ಅದನ್ನು ಫುಟ್‌ಪಾತಿನ ಚೀನಾ ಮಾಲಿನ ಅಂಗಡಿಯಿಂದ ತಂದಿದ್ದ. ಬೂದು ಬಣ್ಣದ ಪೆಟ್ಟಿಗೆ, ಅದರ ನೆತ್ತಿಯ ಮೇಲೆ ಕ್ಯಾಸೆಟ್ ಹಾಕುವ ಸೀಳು, ಟಿವಿಗೆ ಚುಚ್ಚಲು ಹಳದಿ ಮತ್ತು ಬಿಳಿ ಪಿನ್ನು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿತ್ತು. ನಾನು ಪಟ್ಟು ಹಿಡಿದು ಪಟ್ಟಿಯ ಕೊನೆಯವರೆಗೂ ಹೋಗಿ ನೋಡಿದೆ. ಇದ್ದದ್ದು ಏಳೇ ಆಟ. ಅವೇ ಹೆಸರು ಬದಲಿಸಿಕೊಂಡು ಸುತ್ತುತ್ತಿದ್ದವು. ನನಗೇನೂ ಬೇಸರವಾಗಲಿಲ್ಲ. ನಮ್ಮ ತರಗತಿಯಲ್ಲಿ ಒಂದೇ ಹೆಸರಿಗೆ ನಾಲ್ಕು ಜನ ಮಂಜುಳಾ ಇದ್ದರು; ಇಲ್ಲಿ ಒಂದೇ ಆಟಕ್ಕೆ ನಾಲ್ಕಾರು ಹೆಸರು, ಅಷ್ಟೇ.

ಆ ಪೆಟ್ಟಿಗೆ ಒಂದೇ ಸಲಕ್ಕೆ ಚಾಲೂ ಆದ ದಿನವಿಲ್ಲ. ಟಿವಿಯ ಪರದೆ ನೀಲಿಯಾಗಿ ಸುಮ್ಮನೆ ನಿಲ್ಲುತ್ತಿತ್ತು. ಆಗ ಕ್ಯಾಸೆಟ್ ಕಿತ್ತು, ಅದರ ತಳಕ್ಕೆ ಕೊಳಲಿನವರ ಹಾಗೆ ಈ ತುದಿಯಿಂದ ಆ ತುದಿಗೆ ಊದಿ, ಮತ್ತೆ ಸಿಕ್ಕಿಸಬೇಕು. ನಮ್ಮ ಓಣಿಯ ಮಕ್ಕಳಲ್ಲಿ ಊದುವ ಶಾಸ್ತ್ರವೇ ಬೆಳೆದಿತ್ತು. ಗಲ್ಲ ಉಬ್ಬಿಸಿ ಊದುವವರು, ಹಲ್ಲಿನ ಸಂದಿಯಿಂದ ಊದುವವರು, ಊದುವ ಮುಂಚೆ ಕಣ್ಣು ಮುಚ್ಚುವವರು. ನಾನು ಮೂರು ಸಲ ಊದುವವಳು. ಸರಿಹೋಗದಿದ್ದರೆ ಪೆಟ್ಟಿಗೆಯ ಬಾಯಿಗೂ ಊದುವವಳು.

ಹೀಗಿರುವಾಗ ಒಂದು ದಿನ ಗಣಿಯಲ್ಲಿ ಲಾರಿಯ ಹಿಂಬಾಗಿಲು ಅಪ್ಪನ ಬಲಗೈ ಮೇಲೆ ಬಿತ್ತು. ಮೂಳೆ ಕೂಡಿತು, ಗಾಯ ಮಾಗಿತು, ಬೆರಳು ಮಾತ್ರ ಮಡಚಲಿಲ್ಲ. ಹೆಬ್ಬೆರಳಂತೂ ತನಗೂ ಕೈಗೂ ಸಂಬಂಧವಿಲ್ಲದಂತೆ ನೆಟ್ಟಗೆ ನಿಂತಿತ್ತು. ಗೇರು ಹಾಕಲು ಎಡಗೈ ಸಾಕು, ಆದರೆ ಲೋಡ್ ಗಾಡಿಯ ಸ್ಟೇರಿಂಗು ಒಂದೇ ಕೈಗೆ ಬಗ್ಗುವುದಿಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಚುಕಬೇಕು, ಈ ಎರಡು ಮೂರು ತಿಂಗಳು ಸುಮ್ಮನೆ ಬಿಟ್ಟರೆ ಬೆರಳುಗಳು ಹಾಗೆಯೇ ಬಿಗಿದುಕೊಳ್ಳುತ್ತವೆ ಎಂದು ಎಚ್ಚರಿಸಿದ್ದರು. ಡ್ರೈವಿಂಗ್ ಬಿಟ್ಟು ಬೇರೇನೂ ಬಾರದ ಮನುಷ್ಯನಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ಅಪ್ಪ ಚೆಂಡನ್ನು ಎರಡು ದಿನ ಹಿಚುಕಿದ. ಮೂರನೆಯ ದಿನ ಅದು ಅಂಗಳ ದಾಟಿ ಹೋಗಿ ಚರಂಡಿಯಲ್ಲಿ ಬಿತ್ತು.

“ನಾನೇನು ಕೂಸೇನು, ಚೆಂಡು ಆಡ್ಕೊಂತ ಕುಂದ್ರಾಕ?” ಎಂದ.

“ಕೂಸಾಗಿದ್ರ ಚಲೋ ಇತ್ತು. ಹೇಳಿದ ಮಾತು ಕೇಳ್ತಿತ್ತು,” ಎಂದಳು ಅವ್ವ.

ಆಮೇಲೆ ಅಪ್ಪ ಬಲಗೈಯನ್ನು ಟವೆಲಿನೊಳಗೆ ಮುಚ್ಚಿಟ್ಟುಕೊಂಡು ಕೂರತೊಡಗಿದ. ಬಂದವರು ಕೈ ನೋಡಬಾರದೆಂದೋ, ತಾನೇ ನೋಡಬಾರದೆಂದೋ ತಿಳಿಯದು. ನನಗೆ ಅವನ ಕೈಗಿಂತ ಆ ಟವೆಲನ್ನು ಕಂಡರೆ ಹೆದರಿಕೆಯಾಗುತ್ತಿತ್ತು.

ಅವನನ್ನು ಆಟಕ್ಕೆ ಎಳೆದದ್ದು ಯಾವ ಜಾಣತನದಿಂದಲೂ ಅಲ್ಲ. ಟ್ಯಾಂಕಿನ ಆಟಕ್ಕೆ ಇಬ್ಬರು ಬೇಕಿತ್ತು, ಓಣಿಯ ಮಕ್ಕಳೆಲ್ಲ ರಜೆಗೆ ಊರಿಗೆ ಹೋಗಿದ್ದರು. ಅಷ್ಟೇ. ಪರದೆಯ ಕೆಳಗೆ ಇಟ್ಟಿಗೆ ಗೋಡೆಯ ಒಂದು ಕೋಟೆ. ಮೇಲಿನಿಂದ ವೈರಿ ಟ್ಯಾಂಕುಗಳು ಬರುತ್ತವೆ. ನಾವಿಬ್ಬರೂ ಅವನ್ನು ಹೊಡೆದು ಕೋಟೆ ಉಳಿಸಬೇಕು. ಎಡ ಹೆಬ್ಬೆರಳು ಟ್ಯಾಂಕನ್ನು ನಡೆಸುತ್ತದೆ, ಬಲ ಹೆಬ್ಬೆರಳು ಗುಂಡು ಹಾರಿಸುತ್ತದೆ. ಅಪ್ಪ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಟ್ಯಾಂಕು ಓಡಿಸಿದ. ಗುಂಡು ಮಾತ್ರ ಹಾರಲಿಲ್ಲ.

“ಹೊಡಿಯಪ್ಪಾ,” ಎಂದರೆ, “ನೀ ಹೊಡಿ. ನಾ ಅಡ್ಡ ನಿಂದರ್ತೀನಿ,” ಎನ್ನುತ್ತಿದ್ದ. ನಿಜಕ್ಕೂ ಕೋಟೆಯ ಮುಂದೆ ಅಡ್ಡ ನಿಂತು ಗುಂಡು ತಿಂದು ಸಾಯುತ್ತಿದ್ದ. ಎಂಟು ಹತ್ತು ದಿನ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಟವೆಲಿನಿಂದ ಬಲಗೈ ಹೊರಗೆ ಬಂದು ರಿಮೋಟಿನ ಕೆಳಗೆ ಆಸರೆಯಾಗಿ ಕೂತಿತು. ಇನ್ನೊಂದು ದಿನ ಆ ಮೊಂಡು ಹೆಬ್ಬೆರಳು ಗುಂಡಿಯ ಮೇಲೆ ಬಿದ್ದು ಒಂದು ಗುಂಡು ಹಾರಿತು. ಅದು ಹೊಡೆದದ್ದು ನಮ್ಮದೇ ಕೋಟೆಯ ಗೋಡೆಯನ್ನು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಗೋಡೆ ಹೋಯಿತೆಂದು ಅಪ್ಪನನ್ನು ಬೈದೆ.

ಇದಾದ ವಾರಕ್ಕೇ ಪೆಟ್ಟಿಗೆ ನಿಂತುಹೋಯಿತು. ಮೂರು ಸಲ ಊದಿದೆ, ಮೂವತ್ತು ಸಲ ಊದಿದೆ, ತಲೆ ತಿರುಗುವವರೆಗೆ ಊದಿದೆ. ಪರದೆ ನೀಲಿಯೇ. ಅಪ್ಪ, “ಇರ್ಲಿ ಬಿಡು ಯವ್ವಾ,” ಎಂದು ಕೈಯನ್ನು ಮತ್ತೆ ಟವೆಲಿನೊಳಗೆ ಸೇರಿಸಿದ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಆ ಟವೆಲು ಇನ್ನು ಬಿಚ್ಚುವುದಿಲ್ಲ ಎಂದು ನನಗೆ ಅಳು ಬರತೊಡಗಿತು.

ನಮ್ಮ ಕಡೆಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಮಕ್ಕಳಿಗೆ ಜ್ವರ ಬಂದರೆ, ಕನಸಿನಲ್ಲಿ ಬೆಚ್ಚಿದರೆ, ತಾಯಂದಿರು ಸಂಜೆಯ ನಮಾಜಿನ ಹೊತ್ತಿಗೆ ಮಸೀದಿಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲುತ್ತಾರೆ. ನಮಾಜು ಮುಗಿಸಿ ಬರುವವರು ಒಬ್ಬೊಬ್ಬರೇ ಮಗುವಿನ ಮುಖಕ್ಕೆ ಮೆಲ್ಲಗೆ ಊದಿ ಹೋಗುತ್ತಾರೆ. ಇದಕ್ಕೆ ಯಾವ ಜಾತಿಯ ಹಂಗೂ ಇಲ್ಲ; ಹಣೆತುಂಬ ವಿಭೂತಿಯ ನನ್ನ ಅವ್ವನೂ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಅಲ್ಲಿ ನಿಂತವಳೇ. ಇನ್ನು ನನ್ನ ಹತ್ತು ವರ್ಷದ ಬುದ್ಧಿ ಹೇಗೆ ಓಡಿತೆಂದು ನೋಡಿ. ಇದು ಊದಿದರೆ ಸರಿಹೋಗುವ ವಸ್ತು. ನನ್ನ ಊದುವಿಕೆ ಸಾಲುತ್ತಿಲ್ಲ. ಸಾಲುವಂಥದ್ದು ಎಲ್ಲಿ ಸಿಗುತ್ತದೆಂದು ನನಗೆ ಗೊತ್ತಿದೆ.

ಮೂರನೆಯ ಸಂಜೆ ಕ್ಯಾಸೆಟ್ ಸಮೇತ ಪೆಟ್ಟಿಗೆಯನ್ನು ಅವ್ವನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು, ಮಸೀದಿಯ ಬಾಗಿಲಲ್ಲಿ ತಾಯಂದಿರ ಸಾಲಿನ ಕೊನೆಗೆ ನಿಂತೆ. ಮೊದಲು ಬಂದ ಇಬ್ಬರು ಮುಸುಕಿನ ಒಳಗೆ ಕೂಸಿದೆಯೆಂದೇ ಊದಿ ಹೋದರು. ಮೂರನೆಯವರು ಮಾಬುಸಾಬ್ ಕಾಕಾ. ನಮ್ಮ ಓಣಿಯ ತುದಿಯಲ್ಲಿ ಟೇಪ್ ರೆಕಾರ್ಡರ್, ಮಿಕ್ಸರ್ ರಿಪೇರಿ ಅಂಗಡಿ ಇಟ್ಟಿದ್ದವರು. ಅವರು ಬಗ್ಗಿ, ಬಟ್ಟೆ ಸರಿಸಿ, ಹಳದಿ ಬಿಳಿ ಪಿನ್ನು ನೋಡಿ ಅಲ್ಲೇ ನಿಂತರು.

“ಏನು ಬೇಟಿ ಇದು?”

“ಟಿವಿ ಗೇಮ್ರಿ ಕಾಕಾ. ಚಾಲೂ ಆಗವಲ್ದು. ಜರಾ ಊದ್ರಿ.”

ಪಕ್ಕದ ಹೆಂಗಸು ಕಿಸಕ್ಕನೆ ನಕ್ಕಳು. ಕಾಕಾ ನಗಲಿಲ್ಲ. “ಎಷ್ಟು ದಿನ ಆತು?” ಎಂದರು, ಜ್ವರ ವಿಚಾರಿಸುವವರ ಹಾಗೆ.

“ಮೂರು ದಿನ ಆತ್ರಿ. ಅಪ್ಪ ಬಲಗೈಲಿ ಗುಂಡು ಹೊಡ್ಯಾಕ ಹತ್ತಿದ್ದ. ಈಗ ಮತ್ತ ಕೈ ಮುಚ್ಚಿಟ್ಕೊಂಡು ಕುಂತಾನ.”

ಕಾಕಾ ಸರಿಸಿದ ಬಟ್ಟೆಯನ್ನು ಮತ್ತೆ ಪೆಟ್ಟಿಗೆಯ ಮೇಲೆ ಎಳೆದರು. ಆಮೇಲೆ ತುಟಿಯಲ್ಲೇ ಏನೋ ಹೇಳಿಕೊಂಡು ಮೆಲ್ಲಗೆ ಊದಿದರು. ಊದಿದ್ದು ನನ್ನ ನೆತ್ತಿಗೆ. “ನಿನಗ ಇಷ್ಟು ಸಾಕು. ಇದಕ್ಕ ಸ್ಕ್ರೂಡ್ರೈವರ್ ಬೇಕು,” ಎಂದು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ನನಗೆ ಮೋಸವಾದಂತೆನಿಸಿತು. ಕೆಟ್ಟದ್ದು ನಾನಲ್ಲವಲ್ಲ.

ಮರುದಿನ ಅವರ ಅಂಗಡಿಗೆ ಓಡಿದೆ. ಪೆಟ್ಟಿಗೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಒಳಗೆ ಕ್ಯಾಸೆಟ್ ಕೂರುವ ಪಿನ್ನುಗಳ ಮೇಲೆ ಕೆಂಪಗೆ ಏನೋ ಮೆತ್ತಿಕೊಂಡಿತ್ತು. “ನೋಡು. ಧೂಳಿತ್ತು. ನೀವೆಲ್ಲಾ ಊದಿ ಊದಿ ಎಂಜಲು ಹಾರಿಸೀರಿ. ಧೂಳು ಹೋಗಿ ಕೆಸರಾಗೈತಿ. ಊದೇ ಕೆಡಿಸಿದ್ದನ್ನ ಮತ್ತ ಊದಿಸಾಕ ತಂದೀಯಲ್ಲ ತಾಯಿ,” ಎಂದರು. ನಾಚಿಕೆಯಿಂದ ನನ್ನ ಮುಖ ಆ ಪಿನ್ನುಗಳಷ್ಟೇ ಕೆಂಪಾಗಿರಬೇಕು.

ಸಂಜೆ ಅವರೇ ಪೆಟ್ಟಿಗೆ ಹಿಡಿದು ಮನೆಗೆ ಬಂದರು. ಚಹಾಕ್ಕೆ ಹಾಲು ತರಲು ಅವ್ವ ನನ್ನನ್ನು ಅಂಗಡಿಗೆ ಅಟ್ಟಿದಳು. ನಾನು ಬರುವಷ್ಟರಲ್ಲಿ ಅಪ್ಪ ತಲೆ ತಗ್ಗಿಸಿ ಕೂತಿದ್ದ. ಕಾಕಾ ತಮ್ಮ ಜೇಬಿನಿಂದ ಸಣ್ಣ ಬ್ರಷ್ ತೆಗೆಯುತ್ತಿದ್ದರು.

“ಕ್ಯಾಸೆಟ್ಟನ್ನ ಒಳಗೇ ಬೆಸುಗಿ ಹಾಕಿ ಕೂಡ್ರಿಸೀನಿ. ಇನ್ನ ಅದನ್ನ ತೆಗಿಯಂಗಿಲ್ಲ, ಊದಂಗಿಲ್ಲ. ಆದ್ರ ಈ ಸಂದಿಯಾಗ ಮುಂಜಾನಿ ಒಮ್ಮಿ, ಸಂಜಿ ಒಮ್ಮಿ ಬ್ರಷ್ ಆಡಿಸ್ಬೇಕು ಡ್ರೈವರ್ ಸಾಬ್. ಬಲಗೈಲೇ ಆಡಿಸ್ಬೇಕು. ಎಡಗೈ ಆದ್ರ ಕೂದಲು ಸೊಟ್ಟ ಬೀಳ್ತಾವ, ಮಷೀನ್ ಕೆಡ್ತೈತಿ.”

ಅಪ್ಪ ಬ್ರಷ್ ತೆಗೆದುಕೊಂಡ. ಯಂತ್ರದ ಮಾತೆಂದರೆ ಅವನಿಗೆ ಮೊದಲಿನಿಂದಲೂ ಗೌರವ ಎಂದು ನಾನು ತಿಳಿದೆ. ಮೊದಮೊದಲು ಬ್ರಷ್ ಕೈಯಿಂದ ಜಾರಿ ಬೀಳುತ್ತಿತ್ತು, ಬೈಯುತ್ತ ಎತ್ತಿಕೊಳ್ಳುತ್ತಿದ್ದ. ಹೆಬ್ಬೆರಳು ತೋರುಬೆರಳನ್ನು ಮುಟ್ಟಲು ಹದಿನೈದು ದಿನ ಹಿಡಿಯಿತು. ತಿಂಗಳ ಮೇಲೆ ನಮ್ಮ ಕೋಟೆಯ ಮುಂದೆ ಎರಡು ಟ್ಯಾಂಕುಗಳೂ ಗುಂಡು ಹಾರಿಸುತ್ತಿದ್ದವು. ಎರಡೂವರೆ ತಿಂಗಳಿಗೆ ಅಪ್ಪ ಲಾರಿ ಹತ್ತಿದ. ಅದಿರಿನ ಗಾಡಿಗೆ ಆಗಲೇ ಬೇರೆ ಡ್ರೈವರ್ ಬಂದಿದ್ದ. ಹಚ್ಚೊಳ್ಳಿ ಕಡೆಯಿಂದ ಸಿರುಗುಪ್ಪದ ಮಿಲ್ಲಿಗೆ ಭತ್ತ ಹೊರುವ ಗಾಡಿ ಸಿಕ್ಕಿತು. ನಾವೂ ಇಲ್ಲಿಗೇ ಬಂದೆವು. ಅಪ್ಪ ತೌಡಿನ ಧೂಳಿನಲ್ಲಿ ಬೆಳ್ಳಗಾಗಿ ಮನೆಗೆ ಬರತೊಡಗಿದ. ಮಾಬುಸಾಬ್ ಕಾಕಾ ಈಗಿಲ್ಲ. ಮಸೀದಿಯ ಮುಂದೆ ನಾನು ನಿಂತ ಕಥೆ ಮಾತ್ರ ನನ್ನ ಮದುವೆಯ ಊಟದ ಪಂಕ್ತಿಯಲ್ಲೂ ಓಡಾಡಿತು, ನಾನೂ ಎಲ್ಲರೊಡನೆ ನಕ್ಕೆ.

ಮೊನ್ನೆ ಅಪ್ಪ ಪೇಪರು ಮಡಚಿಟ್ಟು, ಹೊಸ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ನಾಲ್ಕೂ ಕಡೆ ನೋಡಿದ. “ಇದಕ್ಕ ಬಾಯೇ ಇಲ್ಲ. ಮಾಬುಸಾಬ ಬೆಸುಗಿ ಹಾಕಿದ್ನಲ್ಲ, ಹಂಗೇ ಐತಿ,” ಎಂದ.

“ಇದಕ್ಕ ಬ್ರಷ್ ಆಡಿಸೋ ಕೆಲಸಾನೂ ಇಲ್ಲಪ್ಪಾ.”

“ಆ ಹಳೇದಕ್ಕರ ಎಲ್ಲಿತ್ತು? ಬೆಸುಗಿ ಹಾಕಿ ಮುಚ್ಚಿದ ಮ್ಯಾಲ ಧೂಳು ಎಲ್ಲಿಂದ ಹೋಗ್ಬೇಕು?”

ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇಷ್ಟು ವರ್ಷ ಇದು ಹೊಳೆದಿರಲಿಲ್ಲ. “ಗೊತ್ತಿದ್ದೂ ದಿನಾ ಯಾಕ ಆಡಿಸಿದಿ? ಡಾಕ್ಟರ್ ಹೇಳಿದ್ದು ಒಲ್ಲೆ ಅಂದಾಂವ ನೀನು.”

ಅಪ್ಪ ಪೆಟ್ಟಿಗೆಯನ್ನು ಕೆಳಗಿಟ್ಟ. “ನೀ ಹಾಲು ತರಾಕ ಹೋದಾಗ ಮಾಬುಸಾಬ ಒಂದೇ ಮಾತು ಅಂದ. ‘ನಿನ್ನ ಮಗಳು ಊದಿಸಾಕ ತಂದಿದ್ದು ಆ ಡಬ್ಬಿ ಅಲ್ಲೋ, ನಿನ್ನ ಕೈ,’ ಅಂದ. ಆಮ್ಯಾಲ ನಾ ಹೆಂಗ ಒಲ್ಲೆ ಅನ್ಲಿ?”

ಅಷ್ಟರಲ್ಲಿ ಮಗಳು ಟಿವಿಗೆ ಪಿನ್ನು ಸಿಕ್ಕಿಸಿದ್ದಳು. ಊದದೆಯೇ ಪರದೆ ಬೆಳಗಿತ್ತು. “ಅಜ್ಜಾ, ಬಾ,” ಎಂದು ಕರೆದಳು.

“ತಡಿ, ನಿಮ್ಮವ್ವ ಇನ್ನಾ ಊದಿಲ್ಲ,” ಎಂದ ಅಪ್ಪ, ನನ್ನ ಕಡೆ ಬಲಗೈ ಚಾಚಿದ. ಹೆಬ್ಬೆರಳು ಇಂದಿಗೂ ಕೊಂಚ ಸೊಟ್ಟ. ನಾನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಊದಿದೆ. ಏನೆಂದು ತಿಳಿಯದ ಮಗಳೂ ಬಂದು, ಬಿಸಿ ಹಾಲಿಗೆ ಊದುವಷ್ಟು ಜೋಪಾನವಾಗಿ, ತಾನೂ ಒಮ್ಮೆ ಊದಿದಳು.